ಇಷ್ಟೊಂದು ಲೈಟ್ ಇದ್ದರೂ ಬೇಸ್‌ಮೆಂಟ್ ಯಾಕೆ ಮಂಕು?

ಅಮೆರಿಕ, ಕೆನಡಾದಲ್ಲಿ ಮನೆ ತಗೊಂಡವರ ಬಾಯಲ್ಲಿ ಈ ಮಾತು ಆಗಾಗ ಬರುತ್ತದೆ: "ಬೇಸ್‌ಮೆಂಟ್ ಫಿನಿಶ್ ಮಾಡಿಸಿದ್ವಿ, ಆದ್ರೆ ಯಾರೂ ಕೆಳಗೆ ಇಳಿಯೋದೇ ಇಲ್ಲ." ಕಾರ್ಪೆಟ್ ಹಾಸಿರುತ್ತಾರೆ, ದೊಡ್ಡ ಟಿವಿ ಇರುತ್ತದೆ, ಚಾವಣಿ ತುಂಬ ಸಾಲಾಗಿ, ಅದರೊಳಗೇ ಹುದುಗಿಸಿದ ಪಾಟ್ ಲೈಟ್‌ಗಳಿರುತ್ತವೆ. ಎಲ್ಲ ಸ್ವಿಚ್ ಹಾಕಿದರೆ ಕಣ್ಣು ಚುಚ್ಚುತ್ತದೆ. ಆದರೂ ಜಾಗ ಮಂಕಾಗಿಯೇ ಕಾಣುತ್ತದೆ. ಮಕ್ಕಳ ಬರ್ತ್‌ಡೇ ಪಾರ್ಟಿ, ಕನ್ನಡ ಕೂಟದ ಡ್ಯಾನ್ಸ್ ಪ್ರಾಕ್ಟೀಸ್ ಮುಗಿದ ಮೇಲೆ ಅಲ್ಲಿ ಉಳಿಯುವುದು ಖಾಲಿ ಸೂಟ್‌ಕೇಸ್‌ಗಳು ಮಾತ್ರ.

ಬೆಳಕು ಸಾಲದು ಅಂತ ಇನ್ನೂ ನಾಲ್ಕು ಲೈಟ್ ಹಾಕಿಸುವುದು ಎಲ್ಲರೂ ಮಾಡುವ ಕೆಲಸ. ಅದರಿಂದ ಕರೆಂಟ್ ಬಿಲ್ ಸ್ವಲ್ಪ ಏರುತ್ತದೆ, ಮಂಕು ಹೋಗುವುದಿಲ್ಲ. ಯಾಕೆಂದರೆ ಆ ನಾಲ್ಕೂ ಲೈಟ್‌ಗಳ ಬೆಳಕು ಹೋಗಿ ಬೀಳುವುದು ನೆಲಕ್ಕೆ. ನಾವು ನೋಡುವುದು ಗೋಡೆಯನ್ನು.

ಈ ಬೇಸ್‌ಮೆಂಟ್ ಅನ್ನುವುದು ಹುಟ್ಟಿದ್ದೇ ಚಳಿಯಿಂದ. ಚಳಿಗಾಲದಲ್ಲಿ ಮಣ್ಣಿನ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ. ಅಡಿಪಾಯ ಮೇಲ್ಮಟ್ಟದಲ್ಲಿದ್ದರೆ ಇಡೀ ಮನೆಯನ್ನು ಅದು ಎತ್ತಿಬಿಡುತ್ತದೆ, ಗೋಡೆ ಬಿರುಕು ಬಿಡುತ್ತದೆ. ಹಾಗಾಗಿ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಅಡಿಪಾಯ ಹಾಕಬೇಕು. ಟೊರಾಂಟೊದಲ್ಲಿ ಅದು ಸುಮಾರು 4 ಅಡಿ, ಮಿನೆಸೋಟಾದ ಉತ್ತರ ಭಾಗದಲ್ಲಿ 5 ಅಡಿ. ಅಷ್ಟು ಅಗೆಯಲೇಬೇಕು ಅಂದಮೇಲೆ ಇನ್ನೂ ಸ್ವಲ್ಪ ಅಗೆದರೆ ಒಂದು ಮಹಡಿಯೇ ಸಿಗುತ್ತದೆ. ಟೆಕ್ಸಾಸ್ ಕಡೆ ಚಳಿ ಅಷ್ಟಿಲ್ಲ, ಅಲ್ಲಿನ ಮನೆಗಳಲ್ಲಿ ಬೇಸ್‌ಮೆಂಟ್ ಅಪರೂಪ.

ಹೀಗೆ ಸಿಕ್ಕ ಮಹಡಿಗೆ ಕಿಟಕಿ ಅಂದರೆ ಚಾವಣಿಯ ಹತ್ತಿರ ಒಂದು ಸಣ್ಣ ಪಟ್ಟಿ. ಅದರ ಹೊರಗೆ ಮಣ್ಣು ಕುಸಿಯದ ಹಾಗೆ ನಿಲ್ಲಿಸಿದ ತಗಡಿನ ಗುಂಡಿ. ಇದಕ್ಕೆ ವಿಂಡೋ ವೆಲ್ ಅನ್ನುತ್ತಾರೆ. ಸೋಫಾ ಮೇಲೆ ಕೂತು ಆ ಕಿಟಕಿ ಕಡೆ ನೋಡಿ. ಆಕಾಶ ಒಂದು ಚೂರಾದರೂ ಕಾಣುತ್ತದೆಯೇ? ಬರೀ ತಗಡು, ಜಲ್ಲಿಕಲ್ಲು ಕಂಡರೆ ಆಕಾಶದ ಬೆಳಕು ನಿಮಗೆ ನೇರವಾಗಿ ತಲುಪುತ್ತಿಲ್ಲ ಅಂತ ಅರ್ಥ. ತಗಡಿಗೆ ಬಡಿದು ಉಳಿದದ್ದಷ್ಟೇ ಒಳಗೆ ಬರುತ್ತದೆ.

ಕಣ್ಣಿಗೆ ಬೇಕಾದ ಬೆಳಕು

ಲೈಟ್‌ನಿಂದ ಒಟ್ಟು ಎಷ್ಟು ಬೆಳಕು ಹೊರಡುತ್ತದೆ ಅನ್ನುವುದನ್ನು ಲ್ಯೂಮೆನ್‌ನಲ್ಲಿ ಅಳೆಯುತ್ತಾರೆ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಲ್ಯೂಮೆನ್ ಬೆಳಕು ಬಿದ್ದರೆ ಅದು ಒಂದು ಲಕ್ಸ್. ನಡು ಮಧ್ಯಾಹ್ನದ ನೇರ ಬಿಸಿಲಲ್ಲಿ ಸುಮಾರು 1 ಲಕ್ಷ ಲಕ್ಸ್ ಇರುತ್ತದೆ. ಮೋಡ ಕವಿದ ಹಗಲಲ್ಲೂ ಸುಮಾರು 10 ಸಾವಿರ ಇರಬಹುದು. ಅಮೆರಿಕದ ಬಹುತೇಕ ರಾಜ್ಯಗಳು ಪಾಲಿಸುವ ಇಂಟರ್‌ನ್ಯಾಷನಲ್ ರೆಸಿಡೆನ್ಶಿಯಲ್ ಕೋಡ್ ಎಂಬ ಮನೆ ಕಟ್ಟುವ ನಿಯಮಾವಳಿ ಪ್ರಕಾರ, ವಾಸದ ಕೋಣೆಗೆ ಸಾಕಷ್ಟು ಕಿಟಕಿ ಇಲ್ಲದಿದ್ದರೆ ಲೈಟ್‌ನಿಂದ ಸರಾಸರಿ 65 ಲಕ್ಸ್ ಸಿಗುವ ಹಾಗೆ ಮಾಡಿದರೂ ಸಾಕು. ಎಡವದೆ ಓಡಾಡಲು ಅಷ್ಟು ಸಾಕು, ನಿಜ. ಕೂತು ಹರಟೆ ಹೊಡೆಯಬೇಕು ಅನ್ನಿಸಲು ಅದು ಸಾಲುವುದಿಲ್ಲ.

ಆದರೆ ಈ ಲೆಕ್ಕಕ್ಕೂ ಒಂದು ಮಿತಿ ಇದೆ. ಕೋಡ್ ಹೇಳುವುದು ನೆಲದಿಂದ 30 ಇಂಚು ಎತ್ತರದಲ್ಲಿ, ಅಂದರೆ ಮೇಜಿನ ಮಟ್ಟದಲ್ಲಿ ಬೀಳುವ ಬೆಳಕಿನ ಬಗ್ಗೆ. ನಾವು ಒಂದು ಕೋಣೆಗೆ ಕಾಲಿಟ್ಟಾಗ ಮೇಜಿನ ಮೇಲ್ಭಾಗ ನೋಡುವುದಿಲ್ಲ. ಎದುರಿನ ಗೋಡೆ, ಮೂಲೆಗಳು, ಚಾವಣಿಯ ಅಂಚು, ಅಲ್ಲಿ ಕೂತವರ ಮುಖ ಕಣ್ಣಿಗೆ ಬೀಳುತ್ತವೆ. ಅವು ಬೆಳಗಿದ್ದರೆ ಕೋಣೆಯೇ ಬೆಳಗಿದೆ ಅನ್ನಿಸುತ್ತದೆ. ಪಾಟ್ ಲೈಟ್ ಮಾಡುವುದು ಇದಕ್ಕೆ ಸರಿಯಾಗಿ ಉಲ್ಟಾ ಕೆಲಸ. ಚಾವಣಿಯೊಳಗೆ ಕೂತು ಬೆಳಕನ್ನೆಲ್ಲ ಕೆಳಗೆ ಸುರಿಯುತ್ತದೆ. ಕೆಳಗಿರುವ ಕಡು ಬಣ್ಣದ ಕಾರ್ಪೆಟ್ ಅದನ್ನು ನುಂಗಿಬಿಡುತ್ತದೆ. ಗೋಡೆಯ ಮೇಲರ್ಧ ನೆರಳಲ್ಲಿ ಉಳಿಯುತ್ತದೆ. ಮುಖದ ಮೇಲೆ ಕಣ್ಣಿನ ಗುಳಿ, ಮೂಗಿನ ಕೆಳಗೆ ಕಪ್ಪು ನೆರಳು. ಏಳು, ಏಳೂವರೆ ಅಡಿ ಎತ್ತರದ ಚಾವಣಿಯಲ್ಲಿ ಲೈಟ್ ತಲೆಗೆ ಹತ್ತಿರ ಇರುವುದರಿಂದ ಚುಚ್ಚುವುದೂ ಜಾಸ್ತಿ.

ಬಣ್ಣ ಮಾಡುವ ಗುಣಾಕಾರ

ಇಡೀ ವಿಷಯದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು. ಜನ ಬಣ್ಣವನ್ನು ಅಲಂಕಾರ ಅಂದುಕೊಳ್ಳುತ್ತಾರೆ. ಬೇಸ್‌ಮೆಂಟ್‌ನಲ್ಲಿ ಬಣ್ಣ ಅರ್ಧ ಲೈಟ್ ಫಿಟ್ಟಿಂಗ್ ಇದ್ದಂತೆಯೇ.

ಲೈಟ್‌ನಿಂದ ಹೊರಟ ಬೆಳಕು ಒಂದು ಸಲ ಬಿದ್ದು ಮುಗಿಯುವುದಿಲ್ಲ. ಕೇರಂ ಬೋರ್ಡಿನ ಅಂಚಿಗೆ ಬಡಿದು ವಾಪಸ್ ಬರುವ ಸ್ಟ್ರೈಕರ್ ಹಾಗೆ, ಗೋಡೆಯಿಂದ ಚಾವಣಿಗೆ, ಚಾವಣಿಯಿಂದ ನೆಲಕ್ಕೆ ಓಡುತ್ತದೆ. ಪ್ರತಿ ಸಲ ಬಡಿದಾಗಲೂ ಒಂದು ಪಾಲು ಕಳೆದುಹೋಗುತ್ತದೆ. ಕೋಣೆಯ ಮೇಲ್ಮೈಗಳು ಸರಾಸರಿ ಅರ್ಧದಷ್ಟು ಬೆಳಕನ್ನು ವಾಪಸ್ ಕೊಡುತ್ತವೆ ಅಂದುಕೊಳ್ಳಿ. ಆಗ 100 ಲ್ಯೂಮೆನ್, ಆಮೇಲೆ 50, ಆಮೇಲೆ 25, ಹೀಗೆ ಕೂಡಿಕೊಂಡು ಹೋದರೆ ಒಟ್ಟು 200ರಷ್ಟು ಕೆಲಸ ಆಗುತ್ತದೆ. ಶೇಕಡ 80 ವಾಪಸ್ ಕೊಟ್ಟರೆ ಒಟ್ಟು 500. ಶೇಕಡ 30 ಮಾತ್ರ ಅಂದರೆ ಸುಮಾರು 143.

ಮನೆಯಲ್ಲಿ ಸೋಫಾ, ಬಾಗಿಲು, ಕಾರ್ಪೆಟ್ ಎಲ್ಲ ಇರುವುದರಿಂದ ಸರಾಸರಿ 80 ಯಾರಿಗೂ ಸಿಗುವುದಿಲ್ಲ. ಆದರೆ 40ರಿಂದ 60ಕ್ಕೆ ಏರಿಸುವುದು ಸಾಧ್ಯ. ಅಷ್ಟಕ್ಕೇ 167 ಇದ್ದದ್ದು 250 ಆಗುತ್ತದೆ. ಅಂದರೆ ಇರುವ ಲೈಟ್‌ಗಳಿಂದಲೇ ಒಂದೂವರೆ ಪಟ್ಟು ಬೆಳಕು. ಒಂದು ವ್ಯಾಟ್ ಕೂಡ ಜಾಸ್ತಿ ಖರ್ಚಿಲ್ಲ.

ಬಣ್ಣದ ಅಂಗಡಿಯಲ್ಲಿ ಸಿಗುವ ಸ್ಯಾಂಪಲ್ ಕಾರ್ಡ್‌ನ ಹಿಂದೆ ಎಲ್‌ಆರ್‌ವಿ ಅಂತ ಒಂದು ಸಂಖ್ಯೆ ಇರುತ್ತದೆ. ಬಿದ್ದ ಬೆಳಕಿನಲ್ಲಿ ಶೇಕಡ ಎಷ್ಟು ವಾಪಸ್ ಬರುತ್ತದೆ ಅನ್ನುವುದರ ಅಳತೆ ಅದು. ಚಾವಣಿಗೆ 85ರ ಆಸುಪಾಸು, ಗೋಡೆಗೆ 70ರ ಮೇಲೆ ಇರುವುದನ್ನು ಹುಡುಕಿ. ನೆಲ ತಿಳಿ ಮರದ ಬಣ್ಣದ ವಿನೈಲ್ ಪಟ್ಟಿಯಾದರೆ ಒಳ್ಳೆಯದು. ಅದರ ಮೇಲೆ ಬೇಕಾದಲ್ಲಿ ಒಂದು ರಗ್ ಹಾಕಿಕೊಳ್ಳಿ. ಕಾಂಕ್ರೀಟ್ ಮೇಲೆ ನೇರವಾಗಿ ಕಾರ್ಪೆಟ್ ಅಂಟಿಸುವುದಕ್ಕಿಂತ ಇದು ತೇವದ ದೃಷ್ಟಿಯಿಂದಲೂ ವಾಸಿ.

ಹಾಗಂತ ಅಚ್ಚ ಬಿಳಿ ಬಳಿದು ಸುಮ್ಮನಾಗಬೇಡಿ. ಬೆಳಕು ಬೀಳದ ಗೋಡೆಗೆ ಬಿಳಿ ಬಳಿದರೆ ಅದು ಬೂದಿ ಬಣ್ಣಕ್ಕೆ ತಿರುಗಿದಂತೆ ಕಾಣುತ್ತದೆ. ಸ್ವಲ್ಪ ಹಳದಿ ಇಲ್ಲವೇ ಕೆನೆ ಛಾಯೆ ಇರುವ ಬಿಳಿ ಆರಿಸಿ, ಆಮೇಲೆ ಆ ಗೋಡೆಗೆ ಬೆಳಕು ತಲುಪುವ ಹಾಗೆ ನೋಡಿಕೊಳ್ಳಿ. ಹೊಳಪಿನ ಪೇಂಟ್ ಹಾಕಿದರೆ ಬೆಳಕು ಜಾಸ್ತಿ ಆಗುತ್ತದೆ ಅನ್ನುವುದು ತಪ್ಪು ಲೆಕ್ಕ. ಅದರಲ್ಲಿ ಲೈಟ್‌ನ ಪ್ರತಿಬಿಂಬ, ಡ್ರೈವಾಲ್ ಅನ್ನುವ ಗೋಡೆಯ ಜಿಪ್ಸಂ ಹಲಗೆಗಳ ಜೋಡಣೆ ಎರಡೂ ಎದ್ದು ಕಾಣುತ್ತವೆ.

ಇತ್ತೀಚೆಗೆ ಬೇಸ್‌ಮೆಂಟ್ ಚಾವಣಿ ಮುಚ್ಚದೆ, ತೊಲೆ, ಡಕ್ಟ್, ಪೈಪ್ ಎಲ್ಲಕ್ಕೂ ಕಪ್ಪು ಸ್ಪ್ರೇ ಹೊಡೆಸುವುದು ಫ್ಯಾಶನ್. ಫೋಟೋದಲ್ಲಿ ಚೆನ್ನಾಗಿರುತ್ತದೆ. ಹೋಮ್ ಥಿಯೇಟರ್ ಮಾಡುವವರಿಗೆ ಸರಿ. ಉಳಿದವರು ಕೋಣೆಯ ಅತಿ ದೊಡ್ಡ ಮೇಲ್ಮೈಗಳಲ್ಲಿ ಒಂದನ್ನು ಕೈಯಾರೆ ಕಳೆದುಕೊಂಡಂತೆ. ಅದೇ ಸ್ಪ್ರೇ ಬಿಳಿಯಲ್ಲೂ ಸಿಗುತ್ತದಲ್ವಾ?

ಲೈಟ್ ಎಲ್ಲಿಡಬೇಕು

ಮೊದಲು ಎಲೆಕ್ಟ್ರಿಷಿಯನ್ ಕರೆಯಬೇಡಿ. ಮೇಲಕ್ಕೆ ಬೆಳಕು ಚೆಲ್ಲುವ ಎತ್ತರದ ಫ್ಲೋರ್ ಲ್ಯಾಂಪ್ ಎರಡು ತನ್ನಿ. ಎದುರುಬದುರು ಮೂಲೆಗಳಲ್ಲಿಟ್ಟು ಸಂಜೆ ಹಚ್ಚಿ, ಪಾಟ್ ಲೈಟ್ ಆರಿಸಿ. ಚಾವಣಿ ತಾನೇ ಒಂದು ದೊಡ್ಡ ಮೆತ್ತನೆ ಲೈಟ್ ಆಗುತ್ತದೆ. ಲ್ಯೂಮೆನ್ ಲೆಕ್ಕದಲ್ಲಿ ಕಡಿಮೆಯೇ ಇದ್ದರೂ ಕೋಣೆ ಅಗಲವಾದ ಹಾಗೆ, ಚಾವಣಿ ಎತ್ತರವಾದ ಹಾಗೆ ಕಾಣುತ್ತದೆ. ಇಷ್ಟವಾಗದಿದ್ದರೆ ಲ್ಯಾಂಪ್ ಅಂಗಡಿಗೆ ವಾಪಸ್ ಮಾಡಬಹುದು. ಡ್ರೈವಾಲ್ ಕೊರೆದ ತೂತು ವಾಪಸ್ ಆಗುವುದಿಲ್ಲ.

ಚಾವಣಿಯಲ್ಲೇ ಲೈಟ್ ಬೇಕು ಅಂದರೆ ಕೋಣೆಯ ನಡುವೆ ಜಾಲರಿ ಬಿಡಿಸಿದ ಹಾಗೆ ಹಾಕಬೇಡಿ. ಗೋಡೆಯಿಂದ ಎರಡು, ಎರಡೂವರೆ ಅಡಿ ದೂರದಲ್ಲಿ ಸಾಲಾಗಿ ಬರಲಿ. ಆಗ ಬೆಳಕು ಗೋಡೆಯನ್ನು ಮೇಲಿಂದ ಕೆಳಗೆ ತೊಳೆಯುತ್ತದೆ. ತೀರಾ ಹತ್ತಿರ ಇಟ್ಟರೆ ಗೋಡೆ ಮೇಲೆ ಕಮಾನು ಕಮಾನಾಗಿ ಕಲೆ ಬೀಳುತ್ತದೆ. ಬೇಸ್‌ಮೆಂಟ್‌ನಲ್ಲಿ ಡಕ್ಟ್, ಉಕ್ಕಿನ ತೊಲೆ ಮುಚ್ಚಲು ಕಟ್ಟಿದ ಪೆಟ್ಟಿಗೆಯಂಥ ಭಾಗ ಹೇಗೂ ಇರುತ್ತದೆ. ಅದರ ಬದಿಗೆ ಒಂದು ಸಣ್ಣ ಅಂಚು ಕೊಟ್ಟು ಎಲ್‌ಇಡಿ ಪಟ್ಟಿ ಅಡಗಿಸಿಟ್ಟರೆ, ಎಲ್ಲರೂ ಬೈಯುವ ಆ ಪೆಟ್ಟಿಗೆಯೇ ಚಾವಣಿಗೆ ಬೆಳಕು ಕೊಡುತ್ತದೆ.

ಎಷ್ಟು ಲ್ಯೂಮೆನ್ ಬೇಕು? 20 ಅಡಿ, 25 ಅಡಿಯ ಹಾಲ್ ಸುಮಾರು 46 ಚದರ ಮೀಟರ್. ಸರಾಸರಿ 150 ಲಕ್ಸ್ ಬೇಕೆಂದರೆ 7 ಸಾವಿರ ಲ್ಯೂಮೆನ್ ಬಂದು ತಲುಪಬೇಕು. ದಾರಿಯಲ್ಲಿ ಅರ್ಧದಷ್ಟು ಕಳೆದುಹೋಗುತ್ತದೆ ಅಂತ ಹಿಡಿದರೆ 14 ಸಾವಿರ. ಹಳೆಯ 60 ವ್ಯಾಟ್ ಬಲ್ಬ್ ಕೊಡುತ್ತಿದ್ದದ್ದು ಸುಮಾರು 800 ಲ್ಯೂಮೆನ್. ಅಂಥ ಹದಿನೇಳು ಹದಿನೆಂಟು ಬೇಕಾಗುತ್ತದೆ. ಎಲ್ಲವನ್ನೂ ಒಂದೇ ಸ್ವಿಚ್‌ಗೆ ಕಟ್ಟಬೇಡಿ. ಗೋಡೆಯದು ಒಂದು, ಚಾವಣಿಯದು ಒಂದು, ಲ್ಯಾಂಪ್‌ಗಳದು ಒಂದು, ಪ್ರತಿಯೊಂದಕ್ಕೂ ಡಿಮ್ಮರ್. ಡಿಮ್ಮರ್ ಎಲ್‌ಇಡಿಗೆ ಹೊಂದುವಂಥದ್ದೇ ಆಗಿರಲಿ, ಇಲ್ಲದಿದ್ದರೆ ಕಡಿಮೆ ಮಾಡಿದಾಗ ಮಿಣುಕುತ್ತದೆ.

ಇನ್ನು ಬೆಳಕಿನ ಬಣ್ಣ. ನಾವು ಬೆಳೆದದ್ದು ಟ್ಯೂಬ್‌ಲೈಟ್ ಕೆಳಗೆ. ಭಾರತದಲ್ಲಿ ಮಾಮೂಲಾಗಿ ಸಿಗುವ ಟ್ಯೂಬ್ 6500 ಕೆಲ್ವಿನ್, ಅಂದರೆ ನೀಲಿ ಬೆರೆತ ಬಿಳಿ. ಹಾಗಾಗಿ ಹಳದಿ ಬೆಳಕು ಕಂಡರೆ "ಇದೇನು ಮಂಕು" ಅನ್ನುವುದು ನಮಗೆ ಸಹಜ. ಆದರೆ 1941ರಲ್ಲಿ ಫಿಲಿಪ್ಸ್ ಕಂಪನಿಯ ವಿಜ್ಞಾನಿ ಕ್ರೂಯ್ತಾಫ್ ಒಂದು ವಿಷಯ ಹೇಳಿದ್ದ. ಬೆಳಕು ಕಡಿಮೆ ಇರುವಲ್ಲಿ ನೀಲಿ ಬಿಳಿ ಬೆಳಕು ಸಪ್ಪೆಯಾಗಿ, ಚಳಿಚಳಿಯಾಗಿ ಕಾಣುತ್ತದೆ. ಹಳದಿ ಬೆಳಕು ಹಿತವಾಗಿ ಕಾಣುತ್ತದೆ. ಎಷ್ಟು ಬೆಳಕಿಗೆ ಯಾವ ಬಣ್ಣ ಹಿತ ಅಂತ ಅವನು ಎಳೆದ ಗೆರೆಗಳನ್ನು ನಂತರದ ಪ್ರಯೋಗಗಳು ಪೂರ್ತಿ ಒಪ್ಪಿಲ್ಲ. ಆದರೂ 150 ಲಕ್ಸ್ ಇರುವ ಬೇಸ್‌ಮೆಂಟ್‌ಗೆ 6500 ಕೆಲ್ವಿನ್ ಹಾಕಿ ನೋಡಿದವರಿಗೆ ಮಾತಿನ ತಿರುಳು ಗೊತ್ತಾಗುತ್ತದೆ. ಕೆಲ್ವಿನ್ ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹಳದಿ. ಕೂರುವ ಜಾಗಕ್ಕೆ 3000, ಓದುವ, ಆಫೀಸ್ ಕೆಲಸದ ಮೇಜಿಗೆ 3500ರಿಂದ 4000 ಇರಲಿ. ಒಂದೇ ನೋಟದಲ್ಲಿ ಎರಡು ಬಣ್ಣದ ಬೆಳಕು ಕಾಣದಿದ್ದರೆ ಸಾಕು.

ಪೆಟ್ಟಿಗೆ ಮೇಲೆ ಸಿಆರ್‌ಐ ಅನ್ನುವ ಸಂಖ್ಯೆಯನ್ನೂ ನೋಡಿ. ವಸ್ತುಗಳ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಳತೆ ಅದು. 80ರ ಅಗ್ಗದ ಎಲ್‌ಇಡಿಗಳಲ್ಲಿ ಕೆಂಪು ಸತ್ತುಹೋಗುತ್ತದೆ. ನವರಾತ್ರಿಗೆ ಬೇಸ್‌ಮೆಂಟ್‌ನಲ್ಲೇ ಗೊಂಬೆ ಕೂರಿಸುವವರಿಗೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಕುಂಕುಮ, ರೇಷ್ಮೆ ಸೀರೆಯ ಕೆಂಪು, ನಮ್ಮ ಮೈಬಣ್ಣ ಎಲ್ಲವೂ ಬಾಡಿದಂತೆ ಕಾಣುತ್ತವೆ. 90ಕ್ಕಿಂತ ಮೇಲಿನದು ತಗೊಳ್ಳಿ. ಕ್ಯಾಲಿಫೋರ್ನಿಯಾದ ಟೈಟಲ್ 24 ನಿಯಮದ ಜೆಎ8 ಗುರುತು ಇದ್ದರೆ ಸಿಆರ್‌ಐ ಕನಿಷ್ಠ 90, ಕೆಂಪು ಬಣ್ಣಕ್ಕೆ ಪ್ರತ್ಯೇಕವಾಗಿ ಅಳೆಯುವ ಆರ್9 ಕನಿಷ್ಠ 50 ಇದೆ ಅಂತ ಅರ್ಥ.

ಕಿಟಕಿಯ ವಿಷಯ

ಇರುವ ಕಿಟಕಿಯಿಂದಲೇ ಇನ್ನಷ್ಟು ಬೆಳಕು ತೆಗೆಯಬಹುದು. ವೆಲ್ ಮೇಲಿನ ಪ್ಲಾಸ್ಟಿಕ್ ಮುಚ್ಚಳ ವರ್ಷಗಟ್ಟಲೆ ಧೂಳು ಹಿಡಿದು ಹಳದಿಯಾಗಿರುತ್ತದೆ. ತೊಳೆಯಿರಿ, ಇಲ್ಲವೇ ಹೊಸದು ಹಾಕಿ. ತಗಡಿನ ಒಳಮೈಗೆ ಬಿಳಿ ಬಳಿಯಿರಿ, ತಳಕ್ಕೆ ಬಿಳಿ ಜಲ್ಲಿ ಹಾಕಿ. ಹತ್ತಿರದ ಪೊದೆ ಕತ್ತರಿಸಿ. ಒಳಗಡೆ ಕಾಂಕ್ರೀಟ್ ಗೋಡೆ, ಅದರ ಮೇಲಿನ ಮರದ ಚೌಕಟ್ಟು ಸೇರಿ ಕಿಟಕಿಯ ಸುತ್ತ ಒಂದಡಿ ದಪ್ಪ ಇರುತ್ತದೆ. ಫಿನಿಶ್ ಮಾಡಿಸುವಾಗ ಆ ಬದಿಗಳನ್ನು ನೇರ ಬಿಡದೆ ಒಳಮುಖವಾಗಿ ಅಗಲಿಸಿ, ಕೆಳಗಿನ ಅಂಚನ್ನು ಇಳಿಜಾರು ಮಾಡಿಸಿ. ಖರ್ಚು ತೀರಾ ಕಡಿಮೆ, ವ್ಯತ್ಯಾಸ ಕಣ್ಣಿಗೆ ಕಾಣುವಷ್ಟು.

ಅಲ್ಲಿ ಯಾರಾದರೂ ಮಲಗುತ್ತಾರೆ ಅಂದರೆ ಮಾತೇ ಬೇರೆ. ಬೆಂಕಿ ಬಿದ್ದರೆ ಹೊರಬರಲು ಎಗ್ರೆಸ್ ಕಿಟಕಿ ಇರಲೇಬೇಕು. ಅಮೆರಿಕದ ಕೋಡ್ ಪ್ರಕಾರ ಪೂರ್ತಿ ತೆರೆದಾಗ ಸಾಮಾನ್ಯವಾಗಿ 5.7 ಚದರ ಅಡಿ ದಾರಿ ಸಿಗಬೇಕು, ಕೆಳಗಿನ ಅಂಚು ನೆಲದಿಂದ 44 ಇಂಚಿಗಿಂತ ಎತ್ತರ ಇರಬಾರದು, ಹೊರಗಿನ ವೆಲ್ ಕನಿಷ್ಠ 9 ಚದರ ಅಡಿ ಇರಬೇಕು. ಕೆನಡಾದ ರಾಷ್ಟ್ರೀಯ ಕೋಡ್ 0.35 ಚದರ ಮೀಟರ್ ದಾರಿ ಕೇಳುತ್ತದೆ. ನಿಮ್ಮ ಊರಿನ ನಿಯಮ ಸ್ವಲ್ಪ ಬೇರೆ ಇರಬಹುದು, ಪರ್ಮಿಟ್ ಆಫೀಸಿನಲ್ಲಿ ಕೇಳಿ. ಊರಿಂದ ಬಂದ ಅಪ್ಪ ಅಮ್ಮನಿಗೆ ಹಾಸಿಗೆ ಹಾಕಿಕೊಡುವ ಕೋಣೆಯಲ್ಲಿ ಇಂಥ ಕಿಟಕಿ ಇಲ್ಲದಿದ್ದರೆ ಅದು ಬೆಡ್‌ರೂಮ್ ಅಲ್ಲ. ಈ ವಿಷಯದಲ್ಲಿ ರಾಜಿ ಬೇಡ.

ಎಗ್ರೆಸ್ ಕಿಟಕಿ ಹಾಕಿಸಲು ಅಡಿಪಾಯದ ಕಾಂಕ್ರೀಟ್ ಕೊಯ್ಯಬೇಕು, ಮೇಲಿನ ಭಾರ ಹೊರಲು ಲಿಂಟೆಲ್ ಬೇಕು, ವೆಲ್‌ನ ನೀರು ಅಡಿಪಾಯದ ಚರಂಡಿಗೆ ಸೇರಬೇಕು. ಕೆಲವು ಸಾವಿರ ಡಾಲರ್ ಆಗುತ್ತದೆ. ಅಮೆರಿಕದಲ್ಲಾದರೆ ಅಗೆಯುವ ಮೊದಲು 811ಕ್ಕೆ ಫೋನ್ ಮಾಡಬೇಕು. ಗ್ಯಾಸ್, ಕರೆಂಟ್ ಲೈನ್ ಎಲ್ಲಿದೆ ಅಂತ ಅವರು ಗುರುತು ಹಾಕಿಸುತ್ತಾರೆ. ಬೆಳಕಿನ ದೃಷ್ಟಿಯಿಂದ ಹೇಳುವುದಾದರೆ ವೆಲ್ ಅನ್ನು ಕನಿಷ್ಠಕ್ಕಿಂತ ಅಗಲ ಮಾಡಿಸಿ, ಅದು ಮೆಟ್ಟಿಲು ಮೆಟ್ಟಿಲಾಗಿ ಹೊರಕ್ಕೆ ಏರುತ್ತಾ ಹೋಗಲಿ. ಆಗ ಒಳಗೆ ಕೂತವರಿಗೆ ಆಕಾಶ ಕಾಣುತ್ತದೆ.

ಈ ತಲೆನೋವು ಹಳೆಯದೇ. ಥ್ಯಾಡಿಯಸ್ ಹಯಾಟ್ ಎಂಬಾತ ಅಮೆರಿಕದಲ್ಲಿ 1845ರಲ್ಲೇ ಇದಕ್ಕೊಂದು ಪೇಟೆಂಟ್ ಪಡೆದಿದ್ದ. ಫುಟ್‌ಪಾತ್‌ನಲ್ಲಿ ಕಬ್ಬಿಣದ ಚೌಕಟ್ಟು, ಅದರಲ್ಲಿ ದಪ್ಪ ಗಾಜಿನ ತುಂಡುಗಳು. ಅದರ ಮೂಲಕ ಕೆಳಗಿನ ನೆಲಮಾಳಿಗೆಗೆ ಹಗಲು ಬೆಳಕು ಇಳಿಯುತ್ತಿತ್ತು. ಆಮೇಲೆ ಗಾಜಿನ ಅಡಿಗೆ ಪ್ರಿಸಂ ಆಕಾರ ಕೊಟ್ಟರು. ನೇರ ಕೆಳಗೆ ಬೀಳುವ ಬೆಳಕು ಬಾಗಿ ಅಡ್ಡಡ್ಡ ಒಳಗೆ ಹೋಗುವ ಹಾಗಾಯಿತು. ಸಿಯಾಟಲ್‌ನ ಪಯನೀರ್ ಸ್ಕ್ವೇರ್‌ನಲ್ಲಿ ಅಂಥ ಗಾಜುಗಳ ಮೇಲೆ ಈಗಲೂ ನಡೆದಾಡಬಹುದು. ಗಾಜಿಗೆ ಬೆರೆಸಿದ್ದ ಮ್ಯಾಂಗನೀಸ್ ಬಿಸಿಲಿಗೆ ಬದಲಾಗಿ ಅವು ನೇರಳೆ ಬಣ್ಣಕ್ಕೆ ತಿರುಗಿವೆ.

ಕನ್ನಡಿಯ ಬಗ್ಗೆ ಒಂದೇ ಮಾತು. ಕಿಟಕಿ ಇಲ್ಲವೇ ಬೆಳಗಿದ ಗೋಡೆಯ ಎದುರು ಇದ್ದರೆ ಉಪಯೋಗ. ಕತ್ತಲ ಮೂಲೆಯ ಎದುರು ನೇತುಹಾಕಿದರೆ ಕತ್ತಲ ಮೂಲೆ ಎರಡಾಗುತ್ತದೆ.

ಬಣ್ಣದ ಡಬ್ಬಿ ತೆರೆಯುವ ಮೊದಲು

ಬೇಸ್‌ಮೆಂಟ್‌ಗೆ ಇಳಿದ ಕೂಡಲೇ ಮುಗ್ಗಲು ವಾಸನೆ ಬಂದರೆ ಎಷ್ಟು ಬೆಳಕಿದ್ದರೂ ಯಾರೂ ಕೂರುವುದಿಲ್ಲ. ಮೊದಲು ತೇವ ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಮಾಡಿ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಕಾಂಕ್ರೀಟ್‌ಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ. ಕನಿಷ್ಠ 16 ಗಂಟೆ ಬಿಡಿ. ಹಾಳೆಯ ಹಿಂದೆ ಹನಿ ಕಂಡರೆ ನೀರು ಕಾಂಕ್ರೀಟ್‌ನಿಂದ ಬರುತ್ತಿದೆ. ಮೇಲೆ ಕಂಡರೆ ಕೋಣೆಯ ಗಾಳಿಯಲ್ಲೇ ತೇವ ಇದೆ.

ಮೊದಲನೆಯದಾದರೆ ಮನೆಯ ಹೊರಗೆ ನೋಡಬೇಕು. ಮಾಡಿನ ನೀರು ಇಳಿಯುವ ಪೈಪ್ ಗೋಡೆಯ ಬುಡದಲ್ಲೇ ಸುರಿಯುತ್ತಿದ್ದರೆ ದೂರಕ್ಕೆ ಎಳೆಯಿರಿ. ಮನೆಯ ಸುತ್ತ ಮೊದಲ 10 ಅಡಿಗೆ 6 ಇಂಚಿನಷ್ಟು ಹೊರಮುಖ ಇಳಿಜಾರು ಇರಬೇಕು. ಎರಡನೆಯದಾದರೆ ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಹಾಕಿ, ತೇವಾಂಶ ಶೇಕಡ 50ರ ಒಳಗಿಡಿ.

ಇಲ್ಲಿ ನಮ್ಮವರು ಒಂದು ಎಡವಟ್ಟು ಮಾಡುತ್ತೇವೆ. "ಕಿಟಕಿ ತೆಗೆದಿಟ್ರೆ ಗಾಳಿ ಆಡುತ್ತೆ, ತೇವ ಹೋಗುತ್ತೆ" ಅನ್ನುವುದು ಊರಿನ ಅಭ್ಯಾಸ. ನ್ಯೂಜೆರ್ಸಿಯ ಜುಲೈನಲ್ಲಿ ಅದು ಉಲ್ಟಾ ಹೊಡೆಯುತ್ತದೆ. ಹೊರಗೆ 30 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇಕಡ 60 ಇದ್ದರೆ ಆ ಗಾಳಿ ಸುಮಾರು 21 ಡಿಗ್ರಿಗೆ ತಣಿದ ಕೂಡಲೇ ನೀರು ಬಿಡುತ್ತದೆ. ಮಣ್ಣಿನೊಳಗಿನ ಕಾಂಕ್ರೀಟ್ ಗೋಡೆ ಅದಕ್ಕಿಂತ ತಣ್ಣಗಿದ್ದರೆ ಅಲ್ಲೇ ಹನಿ ಕಟ್ಟುತ್ತದೆ. ಬೇಸಿಗೆಯಲ್ಲಿ ಕಿಟಕಿ ಮುಚ್ಚಿಡುವುದೇ ಸರಿ.

ಅಲ್ಲಿ ಹೆಚ್ಚು ಹೊತ್ತು ಕಳೆಯುವ ಯೋಚನೆ ಇದ್ದರೆ ರೇಡಾನ್ ಟೆಸ್ಟ್ ಕೂಡ ಮಾಡಿಸಿ. ಮಣ್ಣಿನಿಂದ ಬರುವ, ವಿಕಿರಣ ಸೂಸುವ ಈ ಅನಿಲಕ್ಕೆ ಬಣ್ಣ, ವಾಸನೆ ಇಲ್ಲ. ಅಮೆರಿಕದಲ್ಲಿ ಶ್ವಾಸಕೋಶದ ಕ್ಯಾನ್ಸರ್‌ಗೆ ಸಿಗರೇಟ್ ನಂತರದ ದೊಡ್ಡ ಕಾರಣ ಇದು. ಗಾಳಿಯಲ್ಲಿ ಲೀಟರ್‌ಗೆ 4 ಪಿಕೋಕ್ಯೂರಿ ಮುಟ್ಟಿದರೆ ಸರಿಪಡಿಸಿ ಅನ್ನುತ್ತದೆ ಅಲ್ಲಿನ ಪರಿಸರ ಇಲಾಖೆ. ಕೆನಡಾದ ಮಿತಿ ಘನ ಮೀಟರ್‌ಗೆ 200 ಬೆಕರೆಲ್.

ಮೆಟ್ಟಿಲು ಮತ್ತು ಬೆಳಗಿನ ಹೊತ್ತು

ಕೆಳಗೆ ಹೋಗಬೇಕೋ ಬೇಡವೋ ಅಂತ ಮನಸ್ಸು ತೀರ್ಮಾನ ಮಾಡುವುದು ಮೆಟ್ಟಿಲ ಮೇಲ್ಗಡೆ ನಿಂತಾಗಲೇ. ಎರಡೂ ಕಡೆ ಗೋಡೆ, ನಡುವೆ ಒಂದು ಬಲ್ಬ್, ಕೊನೆಯಲ್ಲಿ ಕತ್ತಲು ಇದ್ದರೆ ಯಾರು ಇಳಿಯುತ್ತಾರೆ? ಒಂದು ಬದಿಯ ಗೋಡೆ ಭಾರ ಹೊರುವುದಲ್ಲದಿದ್ದರೆ ತೆಗೆಸಿ ಕಂಬಿ ಹಾಕಿಸಿ. ಮೇಲಿನ ಬಾಗಿಲಿಗೆ ಗಾಜು ಹಾಕಿಸಿ. ಮೇಲಿಂದ ನೋಡಿದಾಗ ಮೊದಲು ಕಾಣುವ ಕೆಳಗಿನ ಗೋಡೆಗೆ ತಿಳಿ ಬಣ್ಣ ಕೊಟ್ಟು ಒಂದು ವಾಲ್ ಲೈಟ್ ಹಾಕಿ. ಸ್ವಿಚ್ ಮೇಲೂ ಕೆಳಗೂ ಇರಲಿ.

ಇಷ್ಟೆಲ್ಲ ಮಾಡಿದರೂ 150 ಲಕ್ಸ್ ಮೋಡದ ಹಗಲಿನ 10 ಸಾವಿರ ಲಕ್ಸ್ ಆಗುವುದಿಲ್ಲ. ನೋಟಕ್ಕೆ ಅಷ್ಟು ಸಾಕು, ಮೈಯ ಗಡಿಯಾರಕ್ಕೆ ಸಾಲದು. ನಿದ್ದೆ ಎಚ್ಚರದ ಲಯ ಸರಿಹೋಗಲು ಬೆಳಗಿನ ಹೊತ್ತು ಜೋರು ಬೆಳಕು ಕಣ್ಣಿಗೆ ಬೀಳಬೇಕು. ಮನೆಯಿಂದ ಕೆಲಸ ಮಾಡುವವರು ಬೆಳಿಗ್ಗೆ ಎದ್ದು ಸೀದಾ ಬೇಸ್‌ಮೆಂಟ್ ಮೇಜಿಗೆ ಇಳಿಯುವ ಮೊದಲು ಹೊರಗೆ ಒಂದು ಸುತ್ತು ಹಾಕಿಬರುವುದು ಒಳ್ಳೆಯದು. ಬೆಂಗಳೂರಿಂದ ನ್ಯೂಯಾರ್ಕ್ ಕಡೆಗೆ ಬಂದವರಿಗೆ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆಯ ವ್ಯತ್ಯಾಸ. ಸೂರ್ಯ ಹುಟ್ಟಿದ್ದೇ ಗೊತ್ತಾಗದ ಕೋಣೆಯಲ್ಲಿ ಮಲಗಿದರೆ ಜೆಟ್‌ಲ್ಯಾಗ್ ಬೇಗ ಬಿಡುವುದಿಲ್ಲ. ಮೊದಲ ಒಂದು ವಾರ ಅವರಿಗೆ ಮೇಲಿನ ಕೋಣೆ ಕೊಡಿ. ಬೆಳಗಿನ ಕಾಫಿ ಪೂರ್ವದ ಕಿಟಕಿ ಹತ್ತಿರ ಆಗಲಿ, ಬೇಸ್‌ಮೆಂಟ್ ಸಂಜೆಯ ಮೇಲೆ.